ಎಂಟು ಟಿಕ್ಕಿನ ಸ್ಪೇನು

ಸ್ಪೇನಿನ ಗಿಟಾರು ಹೆಚ್ಚೋ, ಬ್ರೆಜಿಲಿನ ಗಿಟಾರು ಹೆಚ್ಚೋ ಎಂಬ ವಿಷಯದ ಮೇಲೆ ನಾನು ಒಂದು ಕಾಲಕ್ಕೆ ಎರಡು ತಾಸು ಎಡೆಬಿಡದೆ ಮಾತಾಡುತ್ತಿದ್ದೆ. ಆ ಎರಡು ದೇಶಗಳಲ್ಲಿ ಒಂದನ್ನೂ ಕಂಡವನಲ್ಲ. ಅಲ್ಲಿಯ ಒಬ್ಬ ಮನುಷ್ಯನ ಮುಖವನ್ನೂ ನೋಡಿದವನಲ್ಲ. ನನ್ನ ಪಾಂಡಿತ್ಯಕ್ಕೆ ಆಧಾರವಾಗಿದ್ದದ್ದು ಎರಡು ರೆಕಾರ್ಡು ಮತ್ತು ಒಬ್ಬ ಸೋದರಮಾವ. ಆಗಿನ ಮುಂಬಯಿಯಲ್ಲಿ ಅಷ್ಟರ ಮೇಲೆ ಧಾರಾಳವಾಗಿ ಪಂಡಿತನಾಗಬಹುದಿತ್ತು.

ಐವತ್ತರ ದಶಕದ ಕೊನೆಯ ವರ್ಷಗಳವು. ನಾನು ಬಂದರಿನ ಒಂದು ಕಚೇರಿಯಲ್ಲಿ ಗುಮಾಸ್ತ. ವಡಾಲದ ಒಂದು ಬಿಲ್ಡಿಂಗಿನ ಎರಡನೆಯ ಮಾಳಿಗೆಯಲ್ಲಿ ಎರಡು ಖೋಲಿ ಹಿಡಿದಿದ್ದೆವು. ಅಲ್ಲಿ ನಾನು, ಮಾಮಾ, ಮತ್ತು ನನ್ನ ತಂಗಿ. ಅಪ್ಪ ಅವ್ವ ಧಾರವಾಡದಲ್ಲೇ ಇದ್ದರು. ಮಾಟುಂಗದ ಕಾಲೇಜಿನಲ್ಲಿ ಓದಿಸುತ್ತೇವೆ ಎಂದು ಕಾಗದ ಬರೆದು ತಂಗಿಯನ್ನು ಕರೆಸಿಕೊಂಡಿದ್ದೆವು. ಓದಿಸಿದ್ದು ಸುಳ್ಳಲ್ಲ. ಆದರೆ ನಿಜವಾದ ಕಾರಣವೆಂದರೆ ಖಾನಾವಳಿಯ ಊಟ ನಮಗಿಬ್ಬರಿಗೂ ಸಾಕಾಗಿ ಹೋಗಿತ್ತು.

ಮಾಮಾ ದಾದರಿನ ಒಂದು ಬಟ್ಟೆ ಅಂಗಡಿಯಲ್ಲಿ ಗಜಕೋಲು ಹಿಡಿಯುತ್ತಿದ್ದರು. ಅವರನ್ನು ಕೇಳಿದರೆ ತಾವು ಮೂಲತಃ ಸಂಗೀತಗಾರರು. ಧಾರವಾಡದಲ್ಲಿ ದೊಡ್ಡ ಗವಾಯಿಯೊಬ್ಬರ ತಂಬೂರಿ ಹಿಡಿದವರು. ಹಿಡಿದದ್ದು ಹೌದು, ಸ್ಟೇಶನ್ನಿನಿಂದ ಟಾಂಗಾದವರೆಗೆ. ಯಾವ ಸಂಗೀತ ಕಿವಿಗೆ ಬಿದ್ದರೂ ಕಣ್ಣು ಮುಚ್ಚಿ, ಬಲಗೈ ಎತ್ತಿ, ಷಡ್ಜ ಎಲ್ಲಿ ಕೂತಿದೆ ಎಂದು ತೀರ್ಪು ಕೊಡುವುದು ಅವರ ಅಭ್ಯಾಸ. ಆ ಕೈ ಎತ್ತಿದ ಮೇಲೆ ಯಾರೂ ಬಾಯಿ ತೆರೆಯುವಂತಿರಲಿಲ್ಲ.

ಗಿಟಾರು ನನ್ನದು. ತೊಡೆಯ ಮೇಲೆ ಅಡ್ಡ ಮಲಗಿಸಿ ಉಕ್ಕಿನ ತುಂಡಿನಿಂದ ಎಳೆಯುವುದಕ್ಕೆ ಆಗ ಹವಾಯಿಯನ್ ಎನ್ನುತ್ತಿದ್ದರು, ಎದೆಗಾನಿಸಿಕೊಂಡು ಬೆರಳಿನಿಂದ ಬಾರಿಸುವುದಕ್ಕೆ ಸ್ಪ್ಯಾನಿಷ್. ನನ್ನದು ಎರಡನೆಯದು. ಆ ಹೆಸರೊಂದರಿಂದಲೇ ಸ್ಪೇನಿನ ಮೇಲೆ ನನಗೆ ಹಕ್ಕು ಬಂದಿದೆ ಎಂದುಕೊಂಡಿದ್ದೆ. ಪ್ರತಿ ಶನಿವಾರ ಆಫೀಸು ಮುಗಿಸಿ ಧೋಬಿ ತಲಾವಿನಲ್ಲಿದ್ದ ಗೋವೆಯ ಮಾಸ್ತರರ ಬಳಿ ಕಲಿಯಲು ಹೋಗುತ್ತಿದ್ದೆ. ಅವರು ಸಿನಿಮಾ ಸ್ಟುಡಿಯೊದ ವಾದ್ಯವೃಂದದಲ್ಲಿ ಬಾರಿಸುವವರು. ಕೈ ಪಳಗಿದ ಶಿಷ್ಯರನ್ನು ಅಲ್ಲಿಗೇ ಕರೆದೊಯ್ದು ಕೂರಿಸಿ ಹೊಟ್ಟೆಗೊಂದು ದಾರಿ ಮಾಡಿಕೊಡುತ್ತಿದ್ದರು. ನಾನು ಮೂರು ವರ್ಷ ಕಲಿತೆ. ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ.

ಆದರೆ ಬಲಗೈಯ ಉಗುರು ಮಾತ್ರ ಶಾಸ್ತ್ರೋಕ್ತವಾಗಿ ಬೆಳೆದಿತ್ತು. ತಂತಿ ಮೀಟುವುದಕ್ಕೆ ಉಗುರು ಬೇಕು. ನಮ್ಮವರಲ್ಲಿ ಊಟದ ಕೈಯೂ ಅದೇ. ಸಾರು, ಹುಳಿ, ಅರಿಶಿನ ಕೂತು ಆ ಉಗುರುಗಳು ಸದಾ ಹಳದಿಯಾಗಿರುತ್ತಿದ್ದವು. ನಮ್ಮ ಹೆಡ್ ಕ್ಲಾರ್ಕು ನನಗೆ ಕಾಮಾಲೆ ಎಂದು ತಿಳಿದು ಎರಡು ಸಲ ಔಷಧ ಹೇಳಿದ್ದ.

ರೆಕಾರ್ಡುಗಳು ಬಂದದ್ದು ಬಂದರಿನ ದಾರಿಯಿಂದ. ಪರಿಚಯದ ಹಡಗಿನ ಅಡುಗೆಯವನೊಬ್ಬ ಎರಡನ್ನು ತಂದುಕೊಟ್ಟ. ಒಂದು ದಪ್ಪ, ಬ್ರೆಜಿಲಿನದು. ಇನ್ನೊಂದು ತೆಳು, ಸ್ಪೇನಿನದು. ತೆಳುವಿನ ಮೇಲಿನ ಕಾಗದ ಅರ್ಧ ಕಿತ್ತುಹೋಗಿತ್ತು. ಉಳಿದರ್ಧ ನಮಗೆ ಓದಲು ಬರುತ್ತಿರಲಿಲ್ಲ. ಇವನ್ನು ಹಾಕುವ ಯಂತ್ರ ಇದ್ದದ್ದು ಮಾಟುಂಗದಲ್ಲಿ, ಉಡುಪಿ ಕಡೆಯ ಹೋಟೆಲಿನ ಧಣಿಯೊಬ್ಬರ ಮನೆಯಲ್ಲಿ. ಹೋಟೆಲಿನ ಮೇಲೆಯೇ ಅವರ ವಾಸ. ಹೊಸದಾಗಿ ಪರದೇಶದ ರೆಕಾರ್ಡ್ ಪ್ಲೇಯರ್ ಕೊಂಡಿದ್ದರು. ಅದಕ್ಕೊಂದು ವೇಗ ಬದಲಿಸುವ ತಿರುಗಣೆ, ಅದರ ಸುತ್ತ ನಾಲ್ಕು ಅಂಕಿ: ಹದಿನಾರು, ಮೂವತ್ತಮೂರು, ನಲವತ್ತೈದು, ಎಪ್ಪತ್ತೆಂಟು. ಯಾವುದು ಯಾತಕ್ಕೆ ಎಂದು ತಿಳಿಸುವ ಪುಸ್ತಕ ಜರ್ಮನ್ ಭಾಷೆಯಲ್ಲಿತ್ತು. ಧಣಿಗಳು ಹೋಟೆಲು ನಡೆಸಿದ ಅನುಭವದ ಮೇಲೆ ತಾವೇ ಒಂದು ಕಾಯಿದೆ ಮಾಡಿಕೊಂಡಿದ್ದರು.

"ದಪ್ಪ ದೋಸೆಗೂ ಪೇಪರ್ ದೋಸೆಗೂ ಒಂದೇ ಉರಿ ಆಗ್ತದಾ ಮಾರಾಯ್ರೆ? ದಪ್ಪ ರೆಕಾರ್ಡಿಗೆ ಎಪ್ಪತ್ತೆಂಟು, ತೆಳುವಿಗೆ ನಲವತ್ತೈದು. ಮೂವತ್ತಮೂರರಲ್ಲಿ ಒಮ್ಮೆ ಹಾಕಿ ನೋಡಿದೆ, ನಮ್ಮ ಹಾಡಿನವಳು ಗಂಡಸಾಗಿಬಿಟ್ಟಳು. ಆ ಹದಿನಾರು ಯಾರಿಗೆ ಅಂತ ದೇವರಿಗೇ ಗೊತ್ತು."

ಭಾನುವಾರ ಮಧ್ಯಾಹ್ನ ಅಲ್ಲಿ ನಮ್ಮ ಬೈಠಕ್ಕು. ಧಣಿಗಳ ಹೆಂಡತಿಗೆ ಜೊತೆಯಾಗಲಿ ಎಂದು ತಂಗಿಯನ್ನೂ ಕರೆದುಕೊಂಡು ಹೋಗುತ್ತಿದ್ದೆವು. ಸ್ಪೇನಿನವನ ಪದ್ಧತಿಯನ್ನು ನಾನು ಎಲ್ಲರಿಗೂ ವಿವರಿಸುತ್ತಿದ್ದೆ. ತೋರುಬೆರಳು, ನಡುಬೆರಳು ಎರಡನ್ನೇ ಸರದಿಯ ಮೇಲೆ ಹಾಕಬೇಕು. ತಂತಿಯನ್ನು ಹೊಡೆದ ಬೆರಳು ಪಕ್ಕದ ತಂತಿಯ ಮೇಲೆ ಹೋಗಿ ಕೂಡಬೇಕು. ಕೈ ಕುದುರೆಯ, ಅಂದರೆ ತಂತಿಗಳನ್ನು ಹೊತ್ತ ಬುಡದ ಪಟ್ಟಿಯ, ಸಮೀಪ ಇರಬೇಕು. ಆಗ ಸ್ವರಗಳು ಒಣಗಿ, ಒಂದಕ್ಕೊಂದು ಅಂಟದೆ, ಒಗ್ಗರಣೆಯ ಸಾಸಿವೆಯಂತೆ ಸಿಡಿಯುತ್ತವೆ. ಬ್ರೆಜಿಲಿನವನ ಬೆರಳು ಎಲ್ಲೂ ಕೂಡುವುದಿಲ್ಲ, ತಂತಿಯನ್ನು ಎತ್ತಿ ಬಿಡುತ್ತದೆ. ಅವನ ಹೆಬ್ಬೆರಳು ಮಂದ್ರದಲ್ಲಿ ತನ್ನ ಪಾಡಿಗೆ ತಾನು ನಡೆಯುತ್ತಿರುತ್ತದೆ. ವೇಗ ಬಂದಾಗಲೂ ಅರ್ಧ ಸ್ವರಗಳನ್ನು ಎಡಗೈಯಿಂದಲೇ ಜಾರಿಸುತ್ತಾನೆ, ದನಿ ದುಂಡಗೆ ಬರುತ್ತದೆ. ಇಷ್ಟನ್ನೂ ಮಾಸ್ತರರು ಹೇಳಿಕೊಟ್ಟಿದ್ದರು. ಇಷ್ಟು ನಿಜವೂ ಹೌದು. ಇದರ ಮುಂದಿನ ಶಾಸ್ತ್ರವೆಲ್ಲ ನಮ್ಮ ಸ್ವಂತದ್ದು.

ಏಕೆಂದರೆ ನಮ್ಮ ಸ್ಪೇನಿನವನ ದನಿ ಒಣಗಿರುವುದಷ್ಟೇ ಅಲ್ಲ, ದಾರದಂತೆ ತೆಳ್ಳಗಿತ್ತು. ಅದಕ್ಕೊಂದು ಕಾರಣ ಬೇಕಿತ್ತು. ಮಾಮಾ ಕೈ ಎತ್ತಿದರು.

"ಸ್ಪೇನ್ ಅಂದ್ರ ನಮ್ಮ ವಿಜಾಪುರ ಇದ್ದಂಗ. ಒಣಾ ಹವಾ. ದನಿ ಬಿಗೀತದ. ಬ್ರೆಜಿಲ್ ಅಂದ್ರ ಈ ಉಡುಪಿ ಮಂದಿ ಊರು ಇದ್ದಂಗ. ಎಲ್ಲಾ ಹಸೀ, ಎಲ್ಲಾ ಮೆತ್ತಗ."

ಉಡುಪಿಯ ಬಗ್ಗೆ ಧಣಿಗಳಿಗೆ ತಕರಾರಿತ್ತು, ಆದರೆ ಅತಿಥಿಗಳೆಂದು ರೆಕಾರ್ಡಿನ ಧೂಳು ಒರೆಸತೊಡಗಿದರು. ಮಾಮಾ ಇನ್ನೂ ಒಂದು ಕಂಡುಹಿಡಿದರು: ಸ್ಪೇನಿನವನ ಷಡ್ಜ ನಮ್ಮ ಗಿಟಾರಿನ ಮಧ್ಯಮದ ಮೇಲೆ ಕೂತಿದೆ. ಅವನೊಂದಿಗೆ ದನಿ ಕೂಡಿಸಲು ನಾನು ಗಿಟಾರಿನ ಕೊರಳಿನ ಐದನೆಯ ಪಟ್ಟಿಯ ಮೇಲೆ ಪೆನ್ಸಿಲೊಂದನ್ನು ಬಿಗಿಯಾಗಿ ಕಟ್ಟಿದೆ. ಸ್ಪೇನಿನವರೂ ಹೀಗೆ ಏನನ್ನೋ ಕಟ್ಟುತ್ತಾರೆ ಎಂದು ಮಾಸ್ತರರು ಹಿಂದೊಮ್ಮೆ ಹೇಳಿದ್ದು ನೆನಪಿತ್ತು. ಹಾಗಾಗಿ ಅನುಮಾನಕ್ಕೆ ಜಾಗವೇ ಇರಲಿಲ್ಲ.

ರೆಕಾರ್ಡಿನ ನಡುವೆ ಒಂದು ಓಟ ಬರುತ್ತಿತ್ತು. ಕೆಳಗಿನ ಸ್ವರದಿಂದ ಹೊರಟು, ತುದಿ ಮುಟ್ಟಿ, ಅದೇ ಉಸಿರಿನಲ್ಲಿ ಕೆಳಗಿಳಿಯುವುದು. ಅದಕ್ಕೆ ಮಾಮಾ ಗವಾಯಿಗಳ ಮಾತಿನಲ್ಲಿ ಸಪಾಟ ತಾನು ಎಂದು ಹೆಸರಿಟ್ಟರು. ಧಣಿಗಳ ಗೋಡೆ ಗಡಿಯಾರದಲ್ಲಿ ಎಣಿಸಿದರೆ ಸರಿಯಾಗಿ ಎಂಟು ಟಿಕ್ಕಿಗೆ ಮುಗಿಯುತ್ತಿತ್ತು. ಮುಗಿದೊಡನೆ ರೆಕಾರ್ಡಿನಲ್ಲಿ ಅವನ ಸಂಗಡಿಗರು ಭಲೇ ಭಲೇ ಎನ್ನುವಂತೆ ಕೂಗುತ್ತಿದ್ದರು. ನಾವೂ ತೊಡೆ ತಟ್ಟುತ್ತಿದ್ದೆವು.

ಒಂದು ಭಾನುವಾರ ತಂಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು, "ಮಾಮಾ, ಶಾಭಾಸ್ ಅನ್ನೋರು ಎಲ್ಲಾರೂ ಸಣ್ಣ ಹುಡುಗರ ದನೀಲೆ ಯಾಕ ಅಂತಾರ?"

ನಿಜ. ಕೂಗಿದವರ ದನಿ ಮೂರನೆಯ ಇಯತ್ತೆಯ ಮಕ್ಕಳದ್ದಾಗಿತ್ತು. ಮಾಮಾ ಒಂದು ಕ್ಷಣವೂ ತಡವರಿಸಲಿಲ್ಲ.

"ಅಲ್ಲಿ ಸಣ್ಣ ಹುಡುಗರಿಗೂ ಸಂಗೀತದ ಜ್ಞಾನ ಇರ್ತದವ್ವಾ. ನಮ್ಮಂಗ ಅಲ್ಲ. ಹೋಗು, ಚಹಾ ಮಾಡು."

ಅವಳು ಹೋದಳು. ಸ್ಪೇನಿನ ಮಕ್ಕಳ ಸಂಸ್ಕಾರದ ಬಗ್ಗೆ ನಾವು ಚಹಾ ಬರುವವರೆಗೂ ಮಾತಾಡಿದೆವು.

ಅದೇ ಮಳೆಗಾಲದಲ್ಲಿ ಒಂದು ದಿನ ಹಳಿಯ ಮೇಲೆ ನೀರು ನಿಂತು ಲೋಕಲ್ ಓಡಲಿಲ್ಲ. ಮಧ್ಯಾಹ್ನವೇ ನಡೆದು ಮನೆಗೆ ಬಂದೆ. ಮೆಟ್ಟಿಲು ಹತ್ತುವಾಗ ಬ್ರೆಜಿಲಿನ ರೆಕಾರ್ಡಿನ ಅದೇ ಧಾಟಿ ಕೇಳಿಸಿತು. ಕೆಳಗಿನ ಸಿಂಧಿ ಕುಟುಂಬ ಒಳ್ಳೆಯ ರೇಡಿಯೊ ತಂದಿರಬೇಕು ಎಂದುಕೊಂಡೆ. ಅವರ ಬಾಗಿಲಿಗೆ ಬೀಗವಿತ್ತು. ಮೇಲೆ ಬಂದರೆ ನನ್ನ ಗಿಟಾರು ತಂಗಿಯ ತೊಡೆಯ ಮೇಲೆ. ನಾನು ಆಫೀಸಿಗೆ ಹೋದಾಗಲೆಲ್ಲ ತೆಗೆದು ಬಾರಿಸುತ್ತಿದ್ದಳಂತೆ, ನನ್ನ ಪಾಠದ ಪುಸ್ತಕ ನೋಡಿ, ಭಾನುವಾರ ಕೇಳಿದ್ದನ್ನು ನೆನಪಿಟ್ಟುಕೊಂಡು. ಅವಳಿಗೆ ಉಗುರಿರಲಿಲ್ಲ. ಎರಡು ಹೊತ್ತು ಜೋಳದ ರೊಟ್ಟಿ ಬಡಿಯುವವಳಿಗೆ ಉಗುರು ಬೆಳೆಸುವ ಐಷಾರಾಮ ಎಲ್ಲಿಯದು? ಬಡಿದು ಬಡಿದು ಗಟ್ಟಿಯಾದ ಬೆರಳ ತುದಿಯಿಂದ ಆ ದನಿ ತುಂಬಿಕೊಂಡು ಬರುತ್ತಿತ್ತು.

ನನಗೆ ಆಗ ಸಂತೋಷವಾಯಿತು ಎಂದು ಬರೆಯಬಹುದು. ಈಗ ಕೇಳುವವರು ಯಾರೂ ಇಲ್ಲ. ಆದರೆ ನನಗಾದದ್ದು ಹೊಟ್ಟೆಕಿಚ್ಚು. ಮೂರು ವರ್ಷ ಧೋಬಿ ತಲಾವಿಗೆ ತಿರುಗಿ, ಹಳದಿ ಉಗುರು ಬೆಳೆಸಿ, ಹೆಡ್ ಕ್ಲಾರ್ಕು ಹೇಳಿದ ಔಷಧ ಕುಡಿದವನು ನಾನು.

"ಅಣ್ಣಾ, ನನ್ನೂ ಮಾಸ್ತರ ಕಡೆ ಕರಕೊಂಡು ಹೋಗು," ಎಂದಳು.

"ಇದು ಅಡಿಗಿಮನಿ ಸಂಗೀತ," ಎಂದೆ. "ಬ್ರೆಜಿಲ್‌ದು ಯಾರು ಬೇಕಾದ್ರೂ ಬಾರಿಸ್ತಾರ. ಸ್ಪೇನ್‌ದಂವನ ಸಪಾಟ ತಾನು ಎಂಟು ಟಿಕ್ಕಿನ್ಯಾಗ ಬಾರಿಸಿ ತೋರಿಸು. ಮರುದಿನಾನ ಕರಕೊಂಡು ಹೋಗ್ತೀನಿ."

ನಾನು ಅದನ್ನು ಎಷ್ಟು ಟಿಕ್ಕಿನಲ್ಲಿ ಬಾರಿಸುತ್ತಿದ್ದೆ ಎಂದು ಅವಳು ಕೇಳಲಿಲ್ಲ. ನನ್ನ ತಾನು ಎಂದೂ ತುದಿ ಮುಟ್ಟಿರಲಿಲ್ಲ.

ಅವಳು ಹಟಕ್ಕೆ ಬಿದ್ದಳು. ಬೆಳಿಗ್ಗೆ ಕಾಲೇಜು, ಮಧ್ಯಾಹ್ನ ಗಿಟಾರು, ಸಂಜೆ ರೊಟ್ಟಿ. ಧಣಿಗಳ ಗಡಿಯಾರದ ನಡೆಯನ್ನು ಕಾಲಿನಿಂದ ತಟ್ಟಿ ತಾನೇ ಎಣಿಸಿಕೊಳ್ಳುತ್ತಿದ್ದಳು. ಮೊದಲು ಇಪ್ಪತ್ತು ಟಿಕ್ಕು ಇದ್ದದ್ದು ಹದಿನೈದಾಯಿತು, ಹದಿಮೂರಾಯಿತು. ದೀಪಾವಳಿಯ ಹೊತ್ತಿಗೆ ಹನ್ನೊಂದಕ್ಕೆ ಬಂದು ನಿಂತಿತು. ಅಲ್ಲಿಂದ ಒಂದು ಟಿಕ್ಕೂ ಕೆಳಗಿಳಿಯಲಿಲ್ಲ. ತೋರುಬೆರಳಿನ ಗೆಣ್ಣು ಬಾತುಕೊಂಡಿತು. "ಪೆನ್ಸಿಲ್ ಬಿಚ್ಚಲೇನು? ಬಿಚ್ಚಿದ್ರ ದನಿ ತುಂಬಿ ಬರ್ತದ," ಎಂದು ಒಮ್ಮೆ ಕೇಳಿದಳು. ಸ್ಪೇನಿನವನಿಗಿಂತ ನೀ ಶಾಣ್ಯಾಳೇನು ಎಂದೆ.

ಆ ದಿನಗಳಲ್ಲೇ ಒಂದು ಶನಿವಾರ, ಪಾಠಕ್ಕೆಂದು ಪೆನ್ಸಿಲು ಬಿಚ್ಚಿ ಒಯ್ದಿದ್ದ ನನ್ನ ಗಿಟಾರನ್ನು ಮಾಸ್ತರರು ಕೈಗೆತ್ತಿಕೊಂಡು ತಂತಿಗಳ ಮೇಲೆ ಬೆರಳಾಡಿಸಿದರು. ಕೊರಳಿನ ಮೇಲುಭಾಗದಲ್ಲಿ, ನಾನು ಎಂದೂ ಕೈ ಹಾಕದ ಜಾಗದಲ್ಲಿ, ತಂತಿ ಸವೆದಿತ್ತು.

"ಯೇ ತೂ ನಹೀ ಬಜಾತಾ," ಎಂದರು. "ಘರ್ ಮೆ ಔರ್ ಕೌನ್ ಹೈ? ಉಸ್ಕೋ ಲೇಕೆ ಆ."

ಇದನ್ನು ಬಾರಿಸುವವನು ನೀನಲ್ಲ, ಮನೆಯಲ್ಲಿ ಮತ್ತಾರಿದ್ದಾರೆ ಕರೆದುಕೊಂಡು ಬಾ ಎಂದು ಅವರೇ ಬಾಯಿಬಿಟ್ಟು ಕೇಳಿದರು. ಯಾರೂ ಇಲ್ಲ ಎಂದೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಮದ್ದೆಂದು ಗೊತ್ತಾದ ಮೇಲೂ ಗಿಡವೇ ಇಲ್ಲ ಎಂದವನು ನಾನು.

ಸಂಕ್ರಾಂತಿಯ ಮುಂದೆ ಅಪ್ಪನ ಕಾಗದ ಬಂತು. ಚೆಂಬೂರಿನಾಚೆ ಹೊಸದಾಗಿ ಆದ ಎಣ್ಣೆ ಕಾರ್ಖಾನೆಯಲ್ಲಿ ಕೆಲಸದಲ್ಲಿರುವ ವರ, ನಮ್ಮ ಕಡೆಯವನೇ, ಒಪ್ಪಿಗೆ ಬರೆಯಿರಿ ಎಂದಿತ್ತು. ತಂಗಿ ನನ್ನ ಮುಂದೆ ಕೂತಳು.

"ಒಂದು ವರ್ಷ ತಡೀರಿ ಅಂತ ಅಪ್ಪಗ ನೀ ಬರದ್ರ ಕೇಳ್ತಾನ. ಮಾಸ್ತರು ಒಮ್ಮೆ ನನ್ನ ಕೈ ನೋಡಲಿ. ಅವರು ಬ್ಯಾಡ ಅಂದ್ರ ನಾ ಸುಮ್ಮನ ಲಗ್ನ ಆಗ್ತೀನಿ."

ನನ್ನ ಒಂದು ಕಾಗದದ ಮೇಲೆ ನಿಂತಿತ್ತು ಎಲ್ಲ. ನಾನು ನ್ಯಾಯಾಧೀಶನಂತೆ ಗಂಟಲು ಸರಿಮಾಡಿಕೊಂಡು, ಭಾನುವಾರ ಪರೀಕ್ಷೆ ಎಂದೆ. ಧಣಿಗಳ ಮನೆಯಲ್ಲಿ, ಅದೇ ಗಡಿಯಾರದ ಕೆಳಗೆ ಅವಳನ್ನು ಕೂರಿಸಿದೆವು. ಧಣಿಗಳು ಎಣಿಸಿದರು. ತಾನು ಎಲ್ಲೂ ಎಡವದೆ ಹತ್ತಿತು, ಇಳಿಯಿತು. ಒಂದು ಸ್ವರವೂ ಮಸುಕಾಗಲಿಲ್ಲ.

"ಹನ್ನೊಂದು," ಎಂದರು ಧಣಿಗಳು. ಆಮೇಲೆ ಮೆಲ್ಲಗೆ, "ಎಂತ ಮಾರಾಯ್ರೆ, ಹನ್ನೊಂದು ಕಡಿಮೆಯಾ? ಚಂದ ಉಂಟಲ್ವಾ?"

"ಚೆಂದದ ಮಾತಲ್ಲ ಇದು," ಎಂದರು ಮಾಮಾ. "ಲೆಕ್ಕದ ಮಾತು."

ಅಂದೇ ಸಂಜೆ ನಾನು ಒಪ್ಪಿಗೆಯ ಕಾಗದ ಬರೆದೆ. ಅವಳೇ ಅದಕ್ಕೆ ಅಂಟು ಹಚ್ಚಿ, ಕೆಳಗಿನ ಡಬ್ಬಿಗೆ ಹಾಕಿ ಬಂದಳು. ಮದುವೆಯಾಗಿ ಚೆಂಬೂರಿಗೆ ಹೋಗುವಾಗ ಗಿಟಾರಿನ ಕಡೆ ನೋಡಲೂ ಇಲ್ಲ. ನಾವು ಮತ್ತೆ ಖಾನಾವಳಿಗೆ ಹೋಗತೊಡಗಿದೆವು.

ಒಂದೂವರೆ ವರ್ಷ ಕಳೆಯಿತು. ನಾನು ಕಲಿಯುವುದನ್ನು ಬಿಟ್ಟಿದ್ದೆ, ಮಾತಾಡುವುದನ್ನು ಬಿಟ್ಟಿರಲಿಲ್ಲ. ಒಂದು ಭಾನುವಾರ ಧಣಿಗಳ ಹೋಟೆಲಿನಲ್ಲಿ ಮಾಸ್ತರರೇ ಮಸಾಲೆ ದೋಸೆ ತಿನ್ನುತ್ತ ಕೂತಿದ್ದರು. ದಾದರಿನಲ್ಲಿ ರೆಕಾರ್ಡಿಂಗ್ ಮುಗಿಸಿ ಬಂದಿದ್ದರಂತೆ. ಇಷ್ಟು ಒಳ್ಳೆಯ ಅವಕಾಶ ಬಿಡಬಾರದೆಂದು ಅವರನ್ನು ಮೇಲೆ ಕರೆದುಕೊಂಡು ಹೋದೆ. ಸ್ಪೇನಿನ ದನಿ ತೆಳ್ಳಗೇಕೆ, ಬ್ರೆಜಿಲಿನದು ದುಂಡಗೇಕೆ ಎಂದು ಹವೆಯ ಸಮೇತ ವಿವರಿಸಿದೆ. ಧಣಿಗಳು ತೆಳು ರೆಕಾರ್ಡು ಹಾಕಿ ಮುಳ್ಳು ಇಟ್ಟರು.

ಮಾಸ್ತರರು ಅರ್ಧ ನಿಮಿಷ ಕೇಳಿದರು.

"ಇಸ್ಕೇ ಪೀಛೇ ಪೊಲೀಸ್ ಲಗಾ ಹೈ ಕ್ಯಾ?"

ಇವನ ಹಿಂದೆ ಪೊಲೀಸರು ಬಿದ್ದಿದ್ದಾರೆಯೇ ಎಂದು ಕೇಳಿ, ಎದ್ದು ಹೋಗಿ, ತಿರುಗಣೆಯನ್ನು ನಲವತ್ತೈದರಿಂದ ಮೂವತ್ತಮೂರಕ್ಕೆ ತಿರುಗಿಸಿದರು.

ಗಿಟಾರು ದೊಡ್ಡದಾಯಿತು. ಒಣ ದನಿ ಒಣ ದನಿಯೇ, ಬಿಡಿ ಸ್ವರ ಬಿಡಿಯೇ; ಆದರೆ ದಾರದಂತಿದ್ದದ್ದು ಹಗ್ಗವಾಯಿತು. ಷಡ್ಜ ಮಧ್ಯಮದಿಂದ ಇಳಿದು, ಪೆನ್ಸಿಲು ಕಟ್ಟದ ನಮ್ಮ ಬಿಚ್ಚು ತಂತಿಯ ಮೇಲೆ ಬಂದು ಕೂತಿತು. ಮಾಮಾ ಎತ್ತಿದ ಕೈಯನ್ನು ಕೆಳಗಿಳಿಸಿದರು. ಸಪಾಟ ತಾನು ಬಂತು, ಹತ್ತಿತು, ಇಳಿಯಿತು. ಆಮೇಲೆ ಭಲೇ ಎಂದವರು ಹುಡುಗರಲ್ಲ. ಸಿಗರೇಟು ಸೇದಿ ಗಂಟಲು ಕೆಡಿಸಿಕೊಂಡ ಗಟ್ಟಿಮುಟ್ಟು ಗಂಡಸರು.

ಧಣಿಗಳು ರೂಢಿಯಂತೆ ಎಣಿಸುತ್ತಿದ್ದರು. ಎಣಿಸಿದ್ದನ್ನು ಹೇಳಬಾರದೆಂದು ಅವರಿಗೆ ತೋಚಲಿಲ್ಲ. "ಹನ್ನೊಂದು," ಎಂದರು. ಹೇಳಿ ನನ್ನ ಮುಖ ನೋಡಿದರು.

ಮಾಮಾ ಮಾತ್ರ ಐದು ನಿಮಿಷದೊಳಗೆ ಚೇತರಿಸಿಕೊಂಡರು. "ನಾ ಹೇಳಿರಲಿಲ್ಲೇನು? ಸ್ಪೇನ್ ಅಂದ್ರ ಗಾಂಭೀರ್ಯ," ಎಂದು ಹೊಸ ಶಾಸ್ತ್ರ ಶುರುಮಾಡಿದರು. ಮಾಸ್ತರರು ಹನ್ನೊಂದರ ಕಥೆ ಏನು ಎಂದು ಧಣಿಗಳನ್ನು ಕೇಳಿದರು. ಧಣಿಗಳು ಎಲ್ಲವನ್ನೂ ಹೇಳಿದರು. ಮಾಸ್ತರರು ಬೈಯಲಿಲ್ಲ. ನನ್ನ ಕಡೆ ತಿರುಗಿ, "ಘರ್ ಮೆ ಕೋಯೀ ನಹೀ, ಬೋಲಾ ಥಾ ತೂನೇ," ಎಂದರು. ಮನೆಯಲ್ಲಿ ಯಾರೂ ಇಲ್ಲ ಅಂದಿದ್ದೆ ನೀನು. ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದರು.

ಮರು ಭಾನುವಾರ ಗಿಟಾರು ಹಿಡಿದು ಹಾರ್ಬರ್ ಲೈನಿನ ಲೋಕಲ್ ಹತ್ತಿದೆ. ಕುರ್ಲಾದವರೆಗೂ ಜನ ಅದಕ್ಕೆ ಮೊಣಕೈ ತಾಗಿಸಿ ನನ್ನನ್ನು ಬೈದರು. ಬೈಯಲಿ ಅನ್ನಿಸಿತು. ಚೆಂಬೂರಿನ ಮನೆಯಲ್ಲಿ ತಂಗಿ ರೊಟ್ಟಿ ಬಡಿಯುತ್ತಿದ್ದಳು, ಕೂಸು ಮಗ್ಗುಲಲ್ಲಿ ಮಲಗಿತ್ತು. ಗಂಡ ಪಾಳಿಯ ಮೇಲೆ ಹೋಗಿದ್ದ. ನಾನು ನಿಂತಲ್ಲೇ ತಿರುಗಣೆಯ ಸಂಗತಿಯನ್ನೆಲ್ಲ ಒದರಿದೆ. ಹನ್ನೊಂದು ಟಿಕ್ಕೇ ಸರಿಯಾಗಿತ್ತು ಎಂದೆ. ಮಾಸ್ತರರು ಕರೆತರಲು ಹೇಳಿದ್ದನ್ನೂ, ನಾನು ಅಂದದ್ದನ್ನೂ ಮುಚ್ಚಿಡಲಿಲ್ಲ.

ಅವಳು ಕೈಯಲ್ಲಿದ್ದ ರೊಟ್ಟಿಯನ್ನು ಪೂರ್ತಿ ಬಡಿದು ಹೆಂಚಿಗೆ ಹಾಕಿದಳು.

"ಮತ್ತ ಆ ಹುಡುಗರು?"

"ಗಂಡಸರು," ಎಂದೆ.

ಅವಳು ನಕ್ಕಳು. ಸೆರಗು ಬಾಯಿಗೆ ಒತ್ತಿಕೊಂಡು, ಕೂಸು ಎಚ್ಚರಾಗುವಷ್ಟು ನಕ್ಕಳು. ನಗು ನಿಂತ ಮೇಲೆ ಕೈ ತೊಳೆದು ಗಿಟಾರು ತೆಗೆದುಕೊಂಡಳು. ಇನ್ನೂ ಕಟ್ಟಿಯೇ ಇದ್ದ ಪೆನ್ಸಿಲನ್ನು ಬಿಚ್ಚಿ ಕಿಟಕಿಯಲ್ಲಿಟ್ಟಳು.

"ಎಣಸು," ಎಂದಳು.

ಆ ಗೋಡೆ ಗಡಿಯಾರದ ನಡೆ ನನಗೆ ಬಾಯಿಪಾಠವಾಗಿತ್ತು. ನೆಲದ ಮೇಲೆ ಬೆರಳು ಬಡಿಯುತ್ತ ಎಣಿಸಿದೆ. ಬೆರಳುಗಳು ದಾರಿ ಹುಡುಕುತ್ತ ಹತ್ತಿದವು. ಎರಡು ಕಡೆ ಎಡವಿ, ತಡೆದು, ಮತ್ತೆ ಹೊರಟವು. ಹನ್ನೊಂದು ದಾಟಿದಾಗ ತಾನು ಇನ್ನೂ ಅರ್ಧದಾರಿ ಮಾತ್ರ ಇಳಿದಿತ್ತು. ಮುಗಿದ ಮೇಲೆ ಅವಳು ನನ್ನ ಮುಖ ನೋಡಿದಳು.

"ಹನ್ನೊಂದು," ಎಂದೆ.

"ಸುಳ್ಳ ಹೇಳಬ್ಯಾಡ. ನಾನೂ ಎಣಸೀನಿ, ಹದಿನಾರು." ಗಿಟಾರನ್ನು ನನ್ನ ಕೈಗೆ ಕೊಟ್ಟು, ಹೆಂಚಿನ ಮೇಲೆ ಸೀಯುತ್ತಿದ್ದ ರೊಟ್ಟಿ ತಿರುವಲು ಎದ್ದಳು. "ಹಾಡಿನ ಪೆಟ್ಟಿಗಿ ಮ್ಯಾಲಿನ ಆ ಹದಿನಾರು ಯಾರಿಗೆ ಅಂತ ಧಣ್ಯಾರಿಗೆ ತಿಳೀವಲ್ದಾಗಿತ್ತಲಾ ಅಣ್ಣಾ? ನನಗಂತ, ಅಂತ ಹೇಳು."